ನೆಲ ಕಾಣದ ದಿನ

ಅರ್ಜೆಂಟೀನಾದ ತುತ್ತತುದಿಯಲ್ಲಿರುವ ಉಶುವಾಯಾ ಬಂದರಿನಿಂದ ಅಂಟಾರ್ಕ್ಟಿಕಾಗೆ ಹೊರಡುವ ಪ್ರವಾಸಿ ಹಡಗುಗಳ ವೇಳಾಪಟ್ಟಿಯಲ್ಲಿ ಹೋಗುವಾಗ ಸುಮಾರು ಎರಡು, ಬರುವಾಗ ಎರಡು ದಿನ ಯಾವ ಜಾಗದ ಹೆಸರೂ ಇರುವುದಿಲ್ಲ. ‘ಸಮುದ್ರದಲ್ಲಿ’ ಎಂದಷ್ಟೇ ಇರುತ್ತದೆ. ಅದು ಡ್ರೇಕ್ ಜಲಸಂಧಿ ದಾಟುವ ಹೊತ್ತು. ಸುಮಾರು 800 ಕಿಲೋಮೀಟರ್ ಅಗಲದ ಈ ಹಾದಿಯಲ್ಲಿ ಪಶ್ಚಿಮದ ಗಾಳಿಯನ್ನು ತಡೆಯಲು ನೆಲವೇ ಇಲ್ಲ. ಹಾಗಾಗಿ ಇಲ್ಲಿನ ಅಲೆಗಳಿಗೆ ದೊಡ್ಡ ಹೆಸರು. ಕಾರಿಡಾರಿನ ಕಂಬಿಗಳಿಗೆ ವಾಂತಿಯ ಚೀಲ ಸಿಕ್ಕಿಸಿಟ್ಟಿರುತ್ತಾರೆ. ನೋಡಲು ಏನಿದೆ ಎಂದರೆ ನೀರು, ಆಕಾಶ, ಪುಣ್ಯವಿದ್ದರೆ ಹಡಗಿನ ಹಿಂದೆಯೇ ತೇಲಿಬರುವ ಒಂದು ಆಲ್ಬಟ್ರಾಸ್ ಹಕ್ಕಿ. ಲಕ್ಷಗಟ್ಟಲೆ ತೆತ್ತು ಬಂದವರಿಗೆ ಇದು ದಂಡದ ದಿನ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಂಟಾರ್ಕ್ಟಿಕಾಗೆ ಪ್ರವಾಸಿಗರು ಹೋಗಬಹುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ಹಡಗಿನವರು ಕೊಡುವ ಉತ್ತರ ನಿಂತಿರುವುದು ಈ ದಂಡದ ದಿನದ ಮೇಲೆಯೇ.

ಅದಕ್ಕೆ ಇಂದಿನ ರೂಪ ಕೊಟ್ಟವರು ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. ಅವರಿಗಿಂತ ಮೊದಲು, 1958ರಲ್ಲೇ, ಅರ್ಜೆಂಟೀನಾದ ಹಡಗೊಂದು ಪ್ರವಾಸಿಗರನ್ನು ಆ ಕಡೆಗೆ ಒಯ್ದಿತ್ತು. ಲಿಂಡ್‌ಬ್ಲಾಡ್ 1966ರಲ್ಲಿ ಅದೇ ದೇಶದ ನೌಕಾಪಡೆಯ ಹಡಗನ್ನು ಬಾಡಿಗೆಗೆ ಹಿಡಿದು 57 ಜನರನ್ನು ಕರೆದೊಯ್ದರು. 1969ರಲ್ಲಿ ಫಿನ್‌ಲೆಂಡ್‌ನಲ್ಲಿ ಇದಕ್ಕೆಂದೇ ಒಂದು ಪುಟ್ಟ ಕೆಂಪು ಹಡಗು ಕಟ್ಟಿಸಿದರು, ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’. ಅದರಲ್ಲಿ ಜೂಜು, ನೃತ್ಯದ ಬದಲು ಉಪನ್ಯಾಸ. ಪಾಠ ಹೇಳಲು ಬಂದವರಲ್ಲಿ ಪೀಟರ್ ಸ್ಕಾಟ್ ಒಬ್ಬರು. ದಕ್ಷಿಣ ಧ್ರುವದಿಂದ ಮರಳುತ್ತ 1912ರಲ್ಲಿ ಡೇರೆಯಲ್ಲೇ ಸತ್ತ ರಾಬರ್ಟ್ ಸ್ಕಾಟ್ ಅವರ ಮಗ. ಮಗುವಿಗೆ ಪ್ರಾಣಿಪಕ್ಷಿಗಳ ಲೋಕದಲ್ಲಿ ಆಸಕ್ತಿ ಹುಟ್ಟಿಸು ಎಂದು ತಂದೆ ಕೊನೆಯ ಪತ್ರದಲ್ಲಿ ಹೆಂಡತಿಗೆ ಬರೆದಿದ್ದರು. ಆ ಮಗು ಬೆಳೆದು, ತಂದೆ ಹೆಣವಾದ ಖಂಡಕ್ಕೆ ಹೋಗುವ ದಾರಿಯಲ್ಲಿ, ರಜೆ ಕಳೆಯಲು ಬಂದವರಿಗೆ ಹಕ್ಕಿಗಳ ಬಗ್ಗೆ ಹೇಳುತ್ತಿತ್ತು. ನೋಡಿ ತಿಳಿದವರೇ ಆ ಜಾಗವನ್ನು ಕಾಯುತ್ತಾರೆ ಎಂಬುದು ಲಿಂಡ್‌ಬ್ಲಾಡ್ ನಂಬಿಕೆ. ವ್ಯಾಪಾರಕ್ಕೂ ಅನುಕೂಲವಾದ ನಂಬಿಕೆ, ನಿಜ. ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ.

ಇಂದಿನ ಸಮುದ್ರದ ದಿನದಲ್ಲಿ ಉಪನ್ಯಾಸದಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ: ಧೂಳು ತೆಗೆಯುವುದು. ಎಲ್ಲರೂ ತಮ್ಮ ಜಾಕೆಟ್, ಬ್ಯಾಗು, ಟ್ರೈಪಾಡ್ ತಂದು ಸಾಲಾಗಿ ನಿಲ್ಲಬೇಕು. ಜೇಬಿನ ಮೂಲೆ, ವೆಲ್ಕ್ರೋ ಪಟ್ಟಿ, ಬೂಟಿನ ಅಡಿ ಎಲ್ಲವನ್ನೂ ವ್ಯಾಕ್ಯೂಮ್ ಕ್ಲೀನರ್ ಮತ್ತು ಚಿಮುಟದಿಂದ ಶುಚಿ ಮಾಡಿ ಸಹಿ ಹಾಕಬೇಕು. ಹುಡುಕುವುದು ಬೀಜಗಳನ್ನು. 2007-08ರ ಬೇಸಿಗೆಯಲ್ಲಿ ವಿಜ್ಞಾನಿಗಳು ಅಂಟಾರ್ಕ್ಟಿಕಾಗೆ ಬಂದವರ ಬಟ್ಟೆಬರೆಗಳನ್ನು ಹೀಗೆಯೇ ಜಾಲಾಡಿದಾಗ ತಲೆಗೆ ಸರಾಸರಿ 9.5 ಬೀಜ ಸಿಕ್ಕವು. ತಲಾ ಲೆಕ್ಕದಲ್ಲಿ ಹೆಚ್ಚು ಬೀಜ ಹೊತ್ತಿದ್ದವರು ಪ್ರವಾಸಿಗರಲ್ಲ, ವಿಜ್ಞಾನಿಗಳೇ! ಇದು ತಮಾಷೆಯ ಮಾತಲ್ಲ. ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ಸಂಶೋಧನಾ ಠಾಣೆಯ ಬಳಿ 1985ರಲ್ಲಿ ಕಂಡ ಹೊರಗಿನ ಹುಲ್ಲೊಂದು ಅಲ್ಲಿ ಬೇರು ಬಿಟ್ಟಿತು. ಮನುಷ್ಯರ ಜೊತೆ ಬಂದದ್ದು ಅದು. 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಹಕ್ಕಿಗಳಲ್ಲಿ ಹಕ್ಕಿಜ್ವರ ಖಚಿತವಾದ ಮೇಲಂತೂ ಬೂಟು ತೊಳೆಯುವ ಕೆಲಸಕ್ಕೆ ಇನ್ನಷ್ಟು ತೂಕ ಬಂದಿದೆ. ಇಳಿದ ಕಡೆ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲವನ್ನೂ ನೆಲಕ್ಕೆ ಇಡುವಂತಿಲ್ಲ.

ಆ 2007 ಇನ್ನೆರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳ ಸಭೆ ಆ ವರ್ಷ ನಡೆದದ್ದು ದೆಹಲಿಯಲ್ಲಿ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ದಡಕ್ಕೆ ಇಳಿಸಬಾರದು, ಒಂದು ಸಲಕ್ಕೆ 100 ಜನಕ್ಕಿಂತ ಹೆಚ್ಚು ದಡದಲ್ಲಿ ಇರಬಾರದು, 20 ಜನಕ್ಕೊಬ್ಬ ಮಾರ್ಗದರ್ಶಿ ಬೇಕು ಎಂಬ ನಿರ್ಣಯ ಅಲ್ಲಿ ಬಂತು. ಸೆಕೆಯ ದೆಹಲಿಯಲ್ಲಿ ಕೂತು ಪೆಂಗ್ವಿನ್‌ಗಳ ದಡಕ್ಕೆ ಮಿತಿ ಬರೆದರು.

ಅದಾಗಿ ಆರೇಳು ತಿಂಗಳಿಗೆ, ನವೆಂಬರ್ 23ರ ನಡುರಾತ್ರಿ, ಲಿಂಡ್‌ಬ್ಲಾಡ್ ಕಟ್ಟಿಸಿದ್ದ ಅದೇ ಕೆಂಪು ಹಡಗು ಬ್ರಾನ್ಸ್‌ಫೀಲ್ಡ್ ಜಲಸಂಧಿಯಲ್ಲಿ ಹಿಮಕ್ಕೆ ಬಡಿಯಿತು. ಆಗ ಅದು ಬೇರೆಯವರ ಕೈಯಲ್ಲಿತ್ತು, ಹೆಸರು ‘ಎಕ್ಸ್‌ಪ್ಲೋರರ್’ ಎಂದಷ್ಟೇ ಉಳಿದಿತ್ತು. ಹಡಗಿನಲ್ಲಿ 154 ಜನ. ತೆಳುವಾದ ಹೊಸ ಹಿಮವೆಂದು ತಿಳಿದು ಕ್ಯಾಪ್ಟನ್ ನುಗ್ಗಿಸಿದ್ದು ನೆಲದಿಂದ ಕಳಚಿಬಂದ ಗಟ್ಟಿ ಹಿಮಕ್ಕೆ ಎಂದು ಆಮೇಲಿನ ತನಿಖೆ ಹೇಳಿತು. ಪಾರಾಗುವ ದೋಣಿಗಳಲ್ಲಿ ಕೂತವರು ಚಳಿಯಲ್ಲಿ ತಾಸುಗಟ್ಟಲೆ ತೇಲಿದರು. ಕೆಲವು ದೋಣಿಗಳ ಎಂಜಿನ್ ಕೆಲಸ ಮಾಡಲಿಲ್ಲ. ಬೆಳಿಗ್ಗೆ ‘ನೂರ್‌ನಾರ್ಗೆ’ ಎಂಬ ನಾರ್ವೆಯ ಪ್ರವಾಸಿ ಹಡಗು ಬಂದು ಎಲ್ಲರನ್ನೂ ಎತ್ತಿಕೊಂಡಿತು. ಒಂದು ಜೀವವೂ ಹೋಗಲಿಲ್ಲ. ಸಮುದ್ರ ಆ ದಿನ ಶಾಂತವಾಗಿತ್ತು, ಇನ್ನೊಂದು ಹಡಗು ಹತ್ತಿರದಲ್ಲಿತ್ತು. ಈ ಎರಡರಲ್ಲಿ ಒಂದು ತಪ್ಪಿದ್ದರೂ ಕತೆ ಬೇರೆಯಾಗುತ್ತಿತ್ತು. ಆ ಸಂಜೆಯೊಳಗೆ ಹಡಗು ತಳ ಸೇರಿತು, ಟ್ಯಾಂಕಿನ ಡೀಸೆಲ್ ಸಮೇತ.

ನಿಯಮಗಳು ಆಮೇಲೆ ಬೇಗಬೇಗ ಬಂದವು. 2011ರ ಆಗಸ್ಟ್‌ನಿಂದ ಅಂಟಾರ್ಕ್ಟಿಕ್ ನೀರಿನಲ್ಲಿ ಹಡಗುಗಳು ದಪ್ಪ ಕಚ್ಚಾ ಇಂಧನ ಒಯ್ಯುವುದಕ್ಕೇ ನಿಷೇಧ ಬಂತು. 2017ರ ಜನವರಿಯಿಂದ ಧ್ರುವ ಪ್ರದೇಶದ ಹಡಗುಗಳಿಗೆಂದೇ ಅಂತರರಾಷ್ಟ್ರೀಯ ಸಂಹಿತೆ ಜಾರಿಯಾಯಿತು. ಹಿಮದಲ್ಲಿ ಹಡಗು ನಡೆಸುವವರಿಗೆ ವಿಶೇಷ ತರಬೇತಿ, ಚಳಿ ತಡೆಯುವ ರಕ್ಷಣಾ ಸಾಮಗ್ರಿ ಎಲ್ಲ ಅದರಲ್ಲಿವೆ.

ಆದರೆ ಎಷ್ಟು ಜನ ಹೋಗಬಹುದು ಎಂಬುದಕ್ಕೆ ಮಾತ್ರ ಮಿತಿ ಇಲ್ಲ. 2007-08ರಲ್ಲಿ ಸುಮಾರು 46 ಸಾವಿರ ಪ್ರವಾಸಿಗರು ಹೋಗಿದ್ದರು, 2023-24ರಲ್ಲಿ 1,20,000 ಮೀರಿದರು. ಅವರಲ್ಲಿ ದೊಡ್ಡದೊಂದು ಪಾಲು ದೊಡ್ಡ ಹಡಗಿನವರು, ದಡಕ್ಕೆ ಇಳಿಯದೆ ನೋಡಿಕೊಂಡು ಬರುವವರು. ಅವರ ಮಟ್ಟಿಗೆ ಇಡೀ ಪ್ರವಾಸವೇ ಸಮುದ್ರದ ದಿನ. 2024ರ ಮೇ ತಿಂಗಳಲ್ಲಿ ಒಪ್ಪಂದದ ಸಭೆ ಮತ್ತೆ ಭಾರತಕ್ಕೆ, ಈ ಸಲ ಕೊಚ್ಚಿಗೆ ಬಂತು. ಪ್ರವಾಸೋದ್ಯಮಕ್ಕೆ ಸಮಗ್ರ ಚೌಕಟ್ಟೊಂದನ್ನು ರೂಪಿಸುವ ಚರ್ಚೆ ಅಲ್ಲಿ ನಡೆಯಿತು. ಒಪ್ಪಂದದ ಪ್ರಕಾರ ಯಾವ ತೀರ್ಮಾನಕ್ಕೂ ಸರ್ವಸಮ್ಮತಿ ಬೇಕು. ಒಂದು ದೇಶ ತಲೆಯಾಡಿಸದಿದ್ದರೂ ಮಾತು ಮುಂದಿನ ವರ್ಷಕ್ಕೆ. ಆ ವರ್ಷವೂ ನವೆಂಬರ್ ಹೊತ್ತಿಗೆ ಉಶುವಾಯಾದಿಂದ ಹಡಗುಗಳು ಎಂದಿನಂತೆ ಹೊರಟವು.