ಮುಡಿಪು

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಹಳಬರು ಕಳ್ವಪ್ಪು ಎಂದು ಕರೆದು ಸಂಸ್ಕೃತದವರು ಕಟವಪ್ರವೆಂದು ತಿದ್ದಿಕೊಂಡ ಆ ಬೋಳುಬಂಡೆಯ ಮೇಲೆ, 7ನೆಯ ಶತಮಾನದ ಆಸುಪಾಸಿನ ಪುಟ್ಟ ಪುಟ್ಟ ಬರಹಗಳಿವೆ. ನೆಟ್ಟ ಕಲ್ಲುಗಳಲ್ಲ, ಕಾಲಡಿಯ ಬಂಡೆಗೇ ಕೊರೆದ ಅಕ್ಷರಗಳು. ಅವುಗಳಲ್ಲೊಂದು ನಾಗಮತಿ ಗಂತಿಯರೆಂಬ ಜೈನ ಸನ್ಯಾಸಿನಿಯದು. ಚಿತ್ತೂರಿನ ಮೌನಿಗುರುವಿನ ಶಿಷ್ಯೆ, ಮೂರು ತಿಂಗಳು ನೋಂತರು, ಕೊನೆಗೆ ಒಂದೇ ಕ್ರಿಯಾಪದ: ಮುಡಿಪ್ಪಿದರ್. ಹೊಗಳಿಕೆಯಿಲ್ಲ, ಅಳಲಿಲ್ಲ.

ಸಾವಿಗೆ ಕನ್ನಡದಲ್ಲಿ ಮಾತು ಕಡಿಮೆಯೇ? ವೀರಗಲ್ಲಿನವನು ತುಱುಗೊಳ್ ಕಾಳಗದಲ್ಲಿ ಕಾದಿ ಸತ್ತು ಸುರಲೋಕಪ್ರಾಪ್ತನಾಗುತ್ತಾನೆ. ಆಮೇಲಿನವರು ಸ್ವರ್ಗಸ್ಥರು, ಲಿಂಗೈಕ್ಯರು, ವೈಕುಂಠವಾಸಿಗಳು, ಕೈಲಾಸವಾಸಿಗಳು, ಏನೂ ಗೊತ್ತಾಗದಿದ್ದರೆ ದೈವಾಧೀನರು. ಇವೆಲ್ಲ ಹೋದವರು ಎಲ್ಲಿಗೆ ಹೋದರು, ಯಾರ ವಶವಾದರು ಎಂಬುದರ ವಿಳಾಸಗಳು. ‘ಮುಡಿಪು’ ಹಾಗಲ್ಲ. ತಣಿಯಿಂದ ತಣಿಪು, ನಡೆಯಿಂದ ನಡಪು ಆದಂತೆ ಮುಡಿಯಿಂದ ಮುಡಿಪು; ತಾನಾಗಿ ಮುಗಿಯುವುದಲ್ಲ, ಮುಗಿಸುವುದು. ಉಣ್ಣದೆ, ಅರಿವು ತಪ್ಪದೆ ದೇಹವನ್ನು ಬಿಡುವ ಸಲ್ಲೇಖನಕ್ಕೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಸಿಕ್ಕೀತೆಂದು ನನಗನ್ನಿಸುವುದಿಲ್ಲ. ಸಾವು ಇಲ್ಲಿ ಬಂದೆರಗಿದ್ದಲ್ಲ, ಕರ್ತೃಪದವಿರುವ ಒಂದು ಕೆಲಸ.

ಇನ್ನು ‘ಮುಡಿ’ಯ ಒಕ್ಕಲು ದೊಡ್ಡದು. ತಮಿಳಿನಲ್ಲಿ ಮುಡಿವು ಎಂದರೆ ಕೊನೆ, ತೀರ್ಮಾನ ಕೂಡ. ಮುಡಿಚ್ಚು ಎಂದರೆ ಗಂಟು. ತೆಲುಗಿನಲ್ಲಿ ಮುಡಿ ಗಂಟು, ಮುಡುಪು ದೇವರ ಹಣದ ಗಂಟು. ನಮ್ಮಲ್ಲಿ ಹೂ ಮುಡಿಯುವುದುಂಟು, ಹರಕೆಗೆ ಮುಡಿ ಕೊಡುವುದುಂಟು, ಕರಾವಳಿಯಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಬಿಗಿದ ಅಕ್ಕಿಮುಡಿಯುಂಟು. ಗೇಣಿಯ ಲೆಕ್ಕವೂ ಅಲ್ಲಿ ಮುಡಿಯಲ್ಲೇ ನಡೆಯುತ್ತಿತ್ತು. ಕಟ್ಟುವುದಕ್ಕೂ ಮುಗಿಸುವುದಕ್ಕೂ ಏನು ನಂಟು ಎಂದು ಕೇಳುವವರು ಹೂಕಟ್ಟುವವರ ಕೈ ನೋಡಲಿ: ಮಾಲೆ ಮುಗಿಯುವುದು ಕೊನೆಯ ಗಂಟಿನಲ್ಲೇ.

ಬಂಡೆಯ ಕ್ರಿಯಾಪದ ಹಳಗನ್ನಡದೊಂದಿಗೆ ಹಿಂದೆ ಸರಿಯಿತು. ನಾಮಪದ ಮಾತ್ರ ಮನೆಯೊಳಗೆ ಉಳಿದುಕೊಂಡಿತು. ಮಗುವಿಗೆ ಜ್ವರ ಬಿಡುತ್ತಿಲ್ಲ ಎಂದಾಗ ಅಜ್ಜಿ ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡಿಗೆ ಒಂದು ನಾಣ್ಯವಿಟ್ಟು, ತಿಮ್ಮಪ್ಪನನ್ನೋ ಮಂಜುನಾಥನನ್ನೋ ನೆನೆದು, ಗಂಟು ಬಿಗಿದು ದೇವರ ಮುಂದಿಡುತ್ತಾಳಲ್ಲ, ಅದೇ ಮುಡಿಪು. ಅದನ್ನು ಬಿಚ್ಚುವಂತಿಲ್ಲ, ಮನೆಯಲ್ಲಿ ಎಷ್ಟೇ ಬಿಕ್ಕಟ್ಟಿದ್ದರೂ ಆ ಕಾಸಿಗೆ ಕೈ ಹಾಕುವಂತಿಲ್ಲ. ಅಲ್ಲಿಂದ ಅರ್ಥ ಹಿಗ್ಗಿತು: ಒಬ್ಬರಿಗೆಂದು ಎತ್ತಿಟ್ಟದ್ದು, ಬೇರೆಯವರು ಮುಟ್ಟಬಾರದ್ದು, ಮೀಸಲು.

ಬೆಳಗೊಳದ ಶಾಸನಗಳಲ್ಲೇ ಇನ್ನೊಂದು ಮಾತು ಕಾಣುತ್ತದೆ: ಪರೋಕ್ಷವಿನಯ. ಕಣ್ಣಿಂದ ಮರೆಯಾದವರಿಗೆ ಉಳಿದವರು ತೋರುವ ವಿನಯ. ಅದಕ್ಕಾಗಿಯೇ ನಿಸಿದಿಗೆಯ ಕಲ್ಲು ನಿಲ್ಲಿಸುತ್ತಿದ್ದರು. ಈಗ ಪರೋಕ್ಷವೆಂದರೆ ಪರೋಕ್ಷ ತೆರಿಗೆ ಮಾತ್ರ ನೆನಪಾಗುತ್ತದೆ, ಏನು ಮಾಡೋಣ! ನಿಸಿದಿಯ ಕಥೆಯೂ ಸೊಗಸಾದದ್ದೇ. ಕುಳಿತುಕೊಳ್ಳುವ ತಾವು ಎಂಬರ್ಥದ ಪ್ರಾಕೃತ ಪದ ಕುಳಿತಲ್ಲೇ ಕಣ್ಮುಚ್ಚಿದವರ ಗುರುತಾಗಿ, ನಿಷಿಧಿ, ನಿಸಿಧಿ, ನಿಸಿದಿಗೆ ಎಂದೆಲ್ಲ ರೂಪ ತಾಳಿತು.

ಮತ್ತೆ ಮುಡಿಪಿಗೆ ಬಂದರೆ, ಅದು ಇಂದಿಗೂ ಚರಮವಾಕ್ಯದ ಪದವೇ. ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ‘ನಾಡುನುಡಿಗೆ ಬದುಕನ್ನೇ ಮುಡಿಪಾಗಿಟ್ಟ’ ಎಂಬ ವಿಶೇಷಣ ಬಾರದ ಹಿರಿಯರು ವಿರಳ. ಆದರೆ ವ್ಯಾಕರಣ ಬದಲಾಗಿದೆ: ಈಗಿನ ಮುಡಿಪಿಗೆ ಒಂದು ಚತುರ್ಥಿ ವಿಭಕ್ತಿ ಬೇಕೇ ಬೇಕು, ನಾಡಿಗೆ, ರಂಗಭೂಮಿಗೆ, ಪಕ್ಷಕ್ಕೆ. ನಾಗಮತಿ ಗಂತಿಯರ ಕ್ರಿಯಾಪದಕ್ಕೆ ಅದರ ಹಂಗಿರಲಿಲ್ಲ. ಅವರು ಯಾರಿಗೂ ಅಲ್ಲದೆ ಮುಡಿಪಿದರು. ಇತ್ತ ಆಡುಮಾತು ಆ ‘ಗೆ’ ಪ್ರತ್ಯಯವನ್ನೇ ಹಿಡಿದುಕೊಂಡು ಎಷ್ಟು ನಿರ್ದಾಕ್ಷಿಣ್ಯವಾಗಿ ಮುಂದೆ ಸಾಗಿದೆಯೆಂದರೆ, ‘ಏನಪ್ಪಾ, ಸಂಬಳ ಆಯ್ತಾ?’ ಎಂದರೆ ‘ಆಯ್ತು ಸ್ವಾಮಿ, ಪೂರಾ ಸಾಲಕ್ಕೇ ಮುಡಿಪು’ ಎಂಬ ಉತ್ತರ ಬರುತ್ತದೆ.