ಮೊದಲ ಸಾಲಿನ ಆಸೆ

ಊರಿನ ಪೇಟೆಯಲ್ಲಿ ಅಂಗಡಿಯ ಜಾಗ ನಿಶ್ಚಿತವಾದುದು. ಮೂಲೆಯ ಮಳಿಗೆಗೆ ಬಾಡಿಗೆ ಹೆಚ್ಚು, ಗಲ್ಲಿಯೊಳಗಿನದಕ್ಕೆ ಕಡಿಮೆ. ಇದು ಎಲ್ಲರೂ ಬಲ್ಲ ಲೆಕ್ಕ. ಅಂತರಜಾಲದ ಪೇಟೆಯಲ್ಲಿ ಹಾಗಲ್ಲ. ಗಿರಾಕಿಯು ತನಗೆ ಬೇಕಾದ ವಸ್ತುವಿನ ಹೆಸರನ್ನು ಬರೆದು ಕೇಳಿದ ಪ್ರತಿಸಲವೂ ಅಲ್ಲಿ ಬೀದಿಯೇ ಹೊಸದಾಗಿ ನಿರ್ಮಾಣವಾಗುತ್ತದೆ. ಯಾವ ಅಂಗಡಿ ಮೊದಲನೆಯದು, ಯಾವುದು ನೂರನೆಯದು ಎಂಬುದನ್ನು ಸರ್ಚ್ ಎಂಜಿನ್ ಎಂಬ ಶೋಧಕ ಯಂತ್ರವು ಆ ಕ್ಷಣದಲ್ಲಿ ತೀರ್ಮಾನಿಸುತ್ತದೆ. ಆ ಮೊದಲ ಸಾಲಿಗಾಗಿ ವ್ಯಾಪಾರಿಗಳು ಪಟ್ಟ ಪಾಡಿನ ಚರಿತ್ರೆಯನ್ನು ತಂತ್ರಜ್ಞಾನದ ಚರಿತ್ರೆಯೆಂದು ಕರೆಯುವುದು ರೂಢಿ. ಸಾಕ್ಷ್ಯದ ಚರಿತ್ರೆಯೆಂದು ಕರೆಯುವುದು ಹೆಚ್ಚು ಉಚಿತವಾದೀತು. ಒಬ್ಬ ವ್ಯಾಪಾರಿಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು ಎಂಬುದೇ ಅಲ್ಲಿಯ ಮೂಲಪ್ರಶ್ನೆ.

1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಯಾಹೂ ಮೊದಲಿಗೆ ಮನುಷ್ಯರೇ ವಿಂಗಡಿಸಿದ ಒಂದು ಸೂಚಿಯಾಗಿತ್ತು. 1995ರ ಡಿಸೆಂಬರಿನಲ್ಲಿ ಬಂದ ಆಲ್ಟಾವಿಸ್ಟಾ ಪುಟಗಳ ಪೂರ್ಣ ಪಠ್ಯವನ್ನು ಯಂತ್ರದಿಂದಲೇ ಓದಿಸಿತು. ಅಂದಿನ ಯಂತ್ರಗಳು ಬಹುಮಟ್ಟಿಗೆ ನಂಬಿದ್ದು ಪುಟದ ಸ್ವಂತ ಮಾತನ್ನು. ‘ರೇಷ್ಮೆ’ ಎಂಬ ಪದ ಹಲವು ಬಾರಿ ಇದ್ದರೆ ಅದು ರೇಷ್ಮೆಯ ಅಂಗಡಿಯೇ ಇರಬೇಕೆಂದು ಅವು ತಿಳಿದವು. ಪರಿಣಾಮವೇನಾಯಿತೆಂದು ಊಹಿಸುವುದು ಕಷ್ಟವಲ್ಲ. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದೇ ಪದವನ್ನು ನೂರಾರು ಸಲ ಬರೆದಿಡುವ ಪದ್ಧತಿ ಹಬ್ಬಿತು. ಗಿರಾಕಿಯ ಕಣ್ಣಿಗೆ ಒಂದು, ಯಂತ್ರದ ಕಣ್ಣಿಗೆ ಮತ್ತೊಂದು!

1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದಕ್ಕೊಂದು ಪರಿಹಾರವನ್ನು ಮುಂದಿಟ್ಟರು. ವ್ಯಾಪಾರಿಯು ತನ್ನ ವಿಷಯದಲ್ಲಿ ತಾನೇ ಹೇಳುವ ಮಾತಿಗಿಂತ ಇತರರು ಅವನನ್ನು ಕುರಿತು ಹೇಳುವ ಮಾತಿಗೆ ಬೆಲೆ ಹೆಚ್ಚು ಎಂಬುದೇ ಅದರ ತಿರುಳು. ಒಂದು ಪುಟವು ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಅವರು ಸಾಕ್ಷಿಯೆಂದು ಪರಿಗಣಿಸಿದರು. ಮಾನ್ಯನಾದವನ ಸಾಕ್ಷಿಗೆ ಹೆಚ್ಚು ತೂಕವಿತ್ತರು. ವಿದ್ವತ್ ಪ್ರಬಂಧಗಳನ್ನು ಅವುಗಳಿಗೆ ದೊರೆತ ಉಲ್ಲೇಖಗಳಿಂದ ಅಳೆಯುವ ಹಳೆಯ ಕ್ರಮವೇ ಇದಕ್ಕೆ ಪ್ರೇರಣೆ. ಜಾಹೀರಾತಿನ ಹಣದಿಂದ ನಡೆಯುವ ಶೋಧಕ ಯಂತ್ರವು ಜಾಹೀರಾತುದಾರರ ಕಡೆಗೆ ವಾಲುವುದೆಂದು ಅದೇ ಪ್ರಬಂಧದಲ್ಲಿ ಅವರು ಎಚ್ಚರಿಸಿದ್ದರು. 2000ದಲ್ಲಿ ಗೂಗಲ್ ತಾನೇ ಜಾಹೀರಾತನ್ನು ಸ್ವೀಕರಿಸಲು ತೊಡಗಿತೆಂಬುದನ್ನು ಇಲ್ಲಿ ನೆನೆಯದಿರಲಾಗದು.

ಸಾಕ್ಷಿಗೆ ಬೆಲೆ ಬಂದೊಡನೆ ಸುಳ್ಳು ಸಾಕ್ಷಿಗೂ ಮಾರುಕಟ್ಟೆ ಹುಟ್ಟಿತು. ಕೊಂಡಿಗಳನ್ನು ಮಾರುವ ಸಂಸ್ಥೆಗಳು ತಲೆಯೆತ್ತಿದವು. ಈ ಬಗೆಯ ವ್ಯವಹಾರ ಎಷ್ಟು ದೂರ ಹೋಯಿತೆಂಬುದಕ್ಕೆ ಅಮೆರಿಕದ ಎರಡು ಪ್ರಸಂಗಗಳು ಸಾಕು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಬ್ಬ ಕನ್ನಡಕದ ವ್ಯಾಪಾರಿಯಿದ್ದನು. ಗಿರಾಕಿಗಳನ್ನು ವಂಚಿಸುವುದು, ಆಕ್ಷೇಪಿಸಿದವರನ್ನು ಬೆದರಿಸುವುದು ಅವನ ವೃತ್ತಿಕ್ರಮವಾಗಿತ್ತು. ನೊಂದವರು ಅಂತರಜಾಲದಲ್ಲಿ ದೂರು ಬರೆದಷ್ಟೂ ತನ್ನ ತಾಣ ಮೇಲೇರುತ್ತದೆಂದು ಅವನು 2010ರಲ್ಲಿ ಪತ್ರಿಕೆಯೊಂದಕ್ಕೆ ನಿಸ್ಸಂಕೋಚವಾಗಿ ಹೇಳಿಕೊಂಡನು. ನಿಂದೆಯೂ ಯಂತ್ರದ ಲೆಕ್ಕದಲ್ಲಿ ಪ್ರಶಂಸೆಯೇ ಆಗುವುದೆಂಬುದು ಅವನ ನಂಬಿಕೆ. ಕೆಲವೇ ದಿನಗಳಲ್ಲಿ ಗೂಗಲ್ ತನ್ನ ಗಣನಾಕ್ರಮವನ್ನು ತಿದ್ದಿತು. ಡಿಸೆಂಬರಿನಲ್ಲಿ ಅವನ ಬಂಧನವಾಯಿತು. 2012ರಲ್ಲಿ 4 ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು.

ಎರಡನೆಯದು ಸಣ್ಣ ಅಂಗಡಿಯ ಕಥೆಯಲ್ಲ. ಜೆ.ಸಿ. ಪೆನ್ನಿ ಎಂಬ ಪ್ರಸಿದ್ಧ ಮಳಿಗೆಗಳ ಸಂಸ್ಥೆಯು 2010ರ ಕೊನೆಯ ತಿಂಗಳುಗಳಲ್ಲಿ ಉಡುಪು, ಹಾಸಿಗೆ, ಪೀಠೋಪಕರಣ ಹೀಗೆ ಅನೇಕ ಪದಗಳಿಗೆ ಮೊದಲ ಸ್ಥಾನದಲ್ಲಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತಜ್ಞರೊಬ್ಬರಿಂದ ಪರಿಶೀಲಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಆ ಸಂಸ್ಥೆಯ ಕಡೆಗೆ ಕೊಂಡಿಗಳು ಕಂಡುಬಂದವು. ಅವುಗಳಲ್ಲಿ ಎಷ್ಟೋ ಪುಟಗಳು ನಾಯಿ, ಗೊರಕೆ, ಮೀನುಗಾರಿಕೆಗಳಂತಹ ಸಂಬಂಧವಿಲ್ಲದ ವಿಷಯಗಳವು. 2011ರ ಫೆಬ್ರವರಿ 9ರ ಸಂಜೆ 7 ಗಂಟೆಗೆ ‘ಲಿವಿಂಗ್ ರೂಮ್ ಫರ್ನಿಚರ್’ ಎಂದು ಹುಡುಕಿದವರಿಗೆ ಈ ಮಳಿಗೆ ಮೊದಲನೆಯದಾಗಿ ದೊರೆಯುತ್ತಿತ್ತು. 9 ಗಂಟೆಗೆ ಅದು 68ನೆಯದಾಗಿತ್ತು. ಕೊಂಡಿಗಳ ವಿಷಯ ತನಗೆ ತಿಳಿಯದೆಂದ ಸಂಸ್ಥೆಯು ತನಗಾಗಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಸಲಹಾಗಾರರನ್ನು ಕೈಬಿಟ್ಟಿತು. ಕೆಲಸವನ್ನು ಇತರರಿಗೆ ಒಪ್ಪಿಸಬಹುದು, ಅದರ ಹೊಣೆಯನ್ನೂ ಒಪ್ಪಿಸಬಹುದೇ ಎಂದು ಯಾರೂ ಅಂದು ಕೇಳಿದಂತಿಲ್ಲ. ಆ ಹಬ್ಬದ ದಿನಗಳಲ್ಲಿ ತನ್ನದಾಗಬೇಕಿದ್ದ ಮೊದಲ ಸಾಲನ್ನು ಕಳೆದುಕೊಂಡು ಕೆಳಗೆ ಸರಿದಿದ್ದ ಪೀಠೋಪಕರಣದ ವ್ಯಾಪಾರಿಯ ಹೆಸರು ಯಾವ ವರದಿಯಲ್ಲೂ ಬರಲಿಲ್ಲ. ಇಂತಹ ಕಳವಿನಲ್ಲಿ ಕಳೆದುಕೊಂಡವನಿಗೇ ತಾನು ಕಳೆದುಕೊಂಡುದು ತಿಳಿದಿರುವುದಿಲ್ಲ.

2011ರಲ್ಲಿ ‘ಪಾಂಡಾ’, 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ತಿದ್ದುಪಡಿಗಳು ಬಂದವು. ಮೊದಲನೆಯದು ಹುರುಳಿಲ್ಲದ ಬರಹಗಳನ್ನೂ ಎರಡನೆಯದು ಕೃತಕ ಕೊಂಡಿಗಳನ್ನೂ ಗುರಿಯಾಗಿರಿಸಿಕೊಂಡವು. ಹಣ ತೆತ್ತು ಕೊಂಡಿ ಕಟ್ಟಿಸಿಕೊಂಡವರೇ ಅವನ್ನು ಬಿಚ್ಚಿಸಲು ಅಲೆದಾಡಬೇಕಾಯಿತು. ‘ಈ ಸಾಕ್ಷಿ ನನಗೆ ಬೇಡ’ ಎಂದು ಅರಿಕೆ ಮಾಡಿಕೊಳ್ಳಲು ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಒಂದು ಸಾಧನವನ್ನೇ ಒದಗಿಸಿತು.

ಹಾಗಾದರೆ ನೇರವಾದ ದಾರಿಯಾವುದು? 2008ರಲ್ಲಿ ಗೂಗಲ್ ಪ್ರಕಟಿಸಿದ ಕೈಪಿಡಿಯಲ್ಲಿ ಅದು ಇದ್ದೇ ಇತ್ತು: ಪ್ರತಿ ಪುಟಕ್ಕೂ ಅದರೊಳಗಿರುವುದನ್ನೇ ಹೇಳುವ ಶೀರ್ಷಿಕೆ, ನಿಜವಾದ ಕಿರುವಿವರಣೆ, ಚಿತ್ರಕ್ಕೆ ಅಕ್ಷರರೂಪದ ಪರಿಚಯ, ಓದುಗನಿಗೆ ಪ್ರಯೋಜನವಾಗುವ ಸ್ವಂತ ಬರವಣಿಗೆ. ಇದರಲ್ಲಿ ಗುಟ್ಟಿಲ್ಲ, ಬಹುಶಃ ಆ ಕಾರಣಕ್ಕೇ ಇದನ್ನು ಮಾರುವುದು ಕಷ್ಟ.

ಕನ್ನಡದ ತಾಣಗಳಿಗೆ ಎದುರಾದ ತೊಡಕೇ ಬೇರೆ. ಅವು ವಂಚಿಸಲಿಲ್ಲ, ಯಂತ್ರಕ್ಕೆ ಕಾಣಿಸಲೇ ಇಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಅನೇಕ ತಾಣಗಳು ತಮ್ಮದೇ ಫಾಂಟುಗಳಲ್ಲಿ ಪ್ರಕಟವಾಗುತ್ತಿದ್ದವು. ಪರದೆಯ ಮೇಲೆ ಅಚ್ಚ ಕನ್ನಡ. ಒಳಗೆ ಶೇಖರವಾಗಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಅಂಗಡಿಯ ಹೆಸರು, ವಿಳಾಸ, ಸರಕಿನ ವಿವರ ಎಲ್ಲವೂ ನಿಜವೇ ಆಗಿದ್ದರೂ ಯಂತ್ರವು ಅವನ್ನು ಓದಲಾರದೆ ಹೋಯಿತು. ಹಾಗೆ ಬರೆದು ಇಂದಿಗೂ ಯುನಿಕೋಡಿಗೆ ಪರಿವರ್ತಿಸದೆ ಬಿಟ್ಟಿರುವ ಪುಟದಲ್ಲಿ ‘ರೇಷ್ಮೆ’ ಎಂದು ಎಷ್ಟೇ ಸ್ಪಷ್ಟವಾಗಿ ಕಾಣುತ್ತಿರಲಿ, ‘ರೇಷ್ಮೆ’ ಎಂದು ಕನ್ನಡದಲ್ಲಿ ಬರೆದು ಹುಡುಕುವವನಿಗೆ ಅದು ಸಿಗುವುದಿಲ್ಲ.