ಸಬ್‌ಮರೀನೂ ಕೂರಿಗೆಯೂ

ಮೊನ್ನೆ ಊರಿಗೆ ಹೋದಾಗ ಸಬ್‌ಮರೀನ್ ಕಟ್ಟೋದರ ಬಗ್ಗೆ ಓದುತ್ತಾ ಕೂತಿದ್ದೆ. ಕಾಕಾ ಬಂದು ನೋಡಿ ನಕ್ಕರು. "ಸಂತೆಕಲ್ಲೂರಾಗ ಹುಟ್ಟಿದವಗ ಸಮುದ್ರದ ಚಿಂತಿ ಯಾಕೋ ತಮ್ಮಾ?"

ಚಿಂತೆ ಸಮುದ್ರದ್ದಲ್ಲ, ಕೈಕಸುಬಿನದು.

1981ರ ಡಿಸೆಂಬರ್‌ನಲ್ಲಿ ಭಾರತ ಜರ್ಮನಿಯ ಎಚ್‌ಡಿಡಬ್ಲ್ಯೂ ಕಂಪನಿಯ ಜೊತೆ ನಾಲ್ಕು ಸಬ್‌ಮರೀನ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಎರಡು ಅಲ್ಲಿನ ಕೀಲ್‌ನಲ್ಲಿ, ಎರಡು ಮುಂಬೈನ ಮಝಗಾಂವ್ ಡಾಕ್‌ನಲ್ಲಿ. ನಮ್ಮ ಎಂಜಿನಿಯರುಗಳು, ಬೆಸುಗೆಯವರು ಜರ್ಮನಿಗೆ ಹೋಗಿ ಕಲಿತು ಬಂದರು.

ಬೆಸುಗೆಯಲ್ಲಿ ಅಂಥಾದ್ದೇನಿದೆ ಅಂತೀರಾ? ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದರೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತೆ. 300 ಮೀಟರ್ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು 30 ಕಿಲೋ ಭಾರ. ಅದಕ್ಕೇ ಒಳಗಿನ ಉಕ್ಕಿನ ಒಡಲು ದುಂಡಗಿರಬೇಕು. ಸ್ವಲ್ಪ ಸೊಟ್ಟಗಿದ್ದರೂ ತಡೆಯೋ ಶಕ್ತಿ ಕುಸಿಯುತ್ತೆ. ಬೆಸುಗೆಗಳನ್ನೂ ಎಕ್ಸ್‌ರೇ ಹಿಡಿದು ನೋಡ್ತಾರೆ.

ಭಾರತದಲ್ಲೇ ಕಟ್ಟಿದ ಮೊದಲ ಸಬ್‌ಮರೀನ್ ಐಎನ್‌ಎಸ್ ಶಾಲ್ಕಿ 1992ರ ಫೆಬ್ರವರಿಯಲ್ಲಿ ನೌಕಾಪಡೆ ಸೇರಿತು. 1994ರಲ್ಲಿ ಶಂಕುಲ್. ಇನ್ನೆರಡು ಕಟ್ಟಬೇಕಿತ್ತು... ಆದರೆ 1987ರಲ್ಲಿ ಎದ್ದ ಕಮಿಷನ್ ಆರೋಪದ ಗಲಾಟೆಯಲ್ಲಿ ಅದು ನಿಂತೇ ಹೋಯ್ತು. ಕಲಿತ ಕೈಗಳಿಗೆ ಕೆಲಸವೇ ಇಲ್ಲ!

ಮತ್ತೆ ಒಪ್ಪಂದ ಆಗಿದ್ದು 2005ರ ಅಕ್ಟೋಬರ್‌ನಲ್ಲಿ, ಫ್ರಾನ್ಸಿನ ಸ್ಕಾರ್ಪೀನ್ ಮಾದರಿಯ ಆರು ಸಬ್‌ಮರೀನ್‌ಗಳಿಗೆ. ಮೊದಲನೆಯದು 2012ಕ್ಕೆ ಬರಬೇಕಿತ್ತು. ಐಎನ್‌ಎಸ್ ಕಲ್ವರಿ ಬಂದದ್ದು 2017ರ ಡಿಸೆಂಬರ್ 14ಕ್ಕೆ. ತಡಕ್ಕೆ ಬಿಡಿಭಾಗಗಳ ಖರೀದಿಯಂಥ ಕಾರಣಗಳೂ ಇದ್ದವು ಅನ್ನಿ. ಆದರೂ ಕಲಿತದ್ದನ್ನೇ ಮತ್ತೆ ಮೊದಲಿಂದ ಕಲಿಯಬೇಕಾಗಿ ಬಂದದ್ದು ಸಣ್ಣ ನಷ್ಟವಲ್ಲ.

ಸಾಫ್ಟ್‌ವೇರ್‌ನಲ್ಲಿ ನಾನೂ ಇದನ್ನು ಕಂಡಿದ್ದೇನೆ. ಕೋಡ್ ಇರುತ್ತೆ, ಡಾಕ್ಯುಮೆಂಟೂ ಇರುತ್ತೆ, ಬರೆದವರು ಮಾತ್ರ ಬಿಟ್ಟುಹೋಗಿರ್ತಾರೆ. ಒಂದು ಸಾಲು ಯಾಕೆ ಹಾಗಿದೆ ಅಂತ ತಿಳಿಯೋಕೆ ವಾರ ಹಿಡಿಯುತ್ತೆ.

ನಮ್ಮೂರಿನ ಘನಮಠ ಶಿವಯೋಗಿಗಳು ಒಕ್ಕಲುತನದ ಅರಿವನ್ನು 'ಕೃಷಿ ಜ್ಞಾನ ಪ್ರದೀಪಿಕೆ'ಯಲ್ಲಿ ಬರೆದಿಟ್ಟರು. ಹಾಗೆ ಬರೆದಿಟ್ಟರೆ ಸಾಕಲ್ವಾ ಅಂತ ಕಾಕಾನ ಕೇಳಿದೆ.

"ಪುಸ್ತಕ ಬೇಕಪಾ, ಇಲ್ಲ ಅನ್ನಲ್ಲ. ಆದ್ರ ನಾಕು ವರ್ಷ ಕೂರಿಗಿ ಹಿಡೀಲಿಲ್ಲ ಅಂದ್ರ ಸಾಲು ಸೊಟ್ಟ ಬೀಳ್ತಾವ" ಅಂದರು.

ಆರನೆಯದಾದ ವಾಗ್‌ಶೀರ್ 2025ರ ಜನವರಿ 15ರಂದು ನೌಕಾಪಡೆ ಸೇರಿತು. ಮುಂದಿನ ಆರಕ್ಕೆ 2021ರಲ್ಲೇ ಟೆಂಡರ್ ಕರೆದಿದ್ದರೂ ಆ ದಿನದವರೆಗೆ ಒಪ್ಪಂದ ಆಗಿರಲಿಲ್ಲ. ಮಝಗಾಂವ್‌ನ ಬೆಸುಗೆಯವರು ಅವತ್ತು ಸಿಹಿ ಹಂಚಿರಬಹುದು. ಮಾರನೇ ದಿನ ಏನು ಕೆಲಸ ಅಂತ ಯೋಚನೆಯನ್ನೂ ಮಾಡಿರಬಹುದು. ಕಾಕಾನ ಮಾತು ಅವರಿಗೆ ಬಿಡಿಸಿ ಹೇಳಬೇಕಿಲ್ಲ.